ಸೇಂಟ್ ಆಸ್ವಲ್ಡ್ ಚರ್ಚಿನ ರಾಹುಕಾಲ

ಟೆಕ್ಸಸ್ಸಿನ ಇರ್ವಿಂಗ್ ಊರಿನ ಸೇಂಟ್ ಆಸ್ವಲ್ಡ್ ಎಪಿಸ್ಕೋಪಲ್ ಚರ್ಚಿನಲ್ಲಿ ಭಾನುವಾರ ಸಂಜೆ ಐದು ಗಂಟೆಗೆ ಯಾವ ಕಾರ್ಯಕ್ರಮವೂ ನಡೆಯುವುದಿಲ್ಲ. ಶನಿವಾರ ಬೆಳಿಗ್ಗೆ ಹತ್ತೂವರೆಯ ಮೊದಲು ಅಲ್ಲಿನ ತೋಟದಲ್ಲಿ ಯಾರೂ ಗುದ್ದಲಿ ಹಿಡಿಯುವುದಿಲ್ಲ. ಬುಧವಾರ ಊಟದ ಜೊತೆ ನಡೆಯುವ ಬೈಬಲ್ ತರಗತಿಗೆ ಬರುವ ಮುದುಕರು ಮಧ್ಯಾಹ್ನ ಒಂದೂವರೆಯ ತನಕ ಹಸಿದುಕೊಂಡೇ ಕಾಯುತ್ತಾರೆ. ಯಾಕೆ ಹೀಗೆ ಎಂದು ಹೊಸಬರು ಯಾರಾದರೂ ಕೇಳಿದರೆ ಹಳಬರು, ಇಲ್ಲಿ ಮೊದಲಿನಿಂದಲೂ ಹಾಗೇ ಎನ್ನುತ್ತಾರೆ. ಮೊದಲು ಎಂದರೆ ಆರು ವರ್ಷದ ಹಿಂದೆ, ಮೈಸೂರಿನ ರಾಜಲಕ್ಷ್ಮಿ ಆ ಚರ್ಚಿನ ಆಫೀಸಿಗೆ ಕೆಲಸಕ್ಕೆ ಸೇರಿದಾಗ.

ಗಂಡ ಸುಧೀಂದ್ರನ ಜೊತೆ ಅಮೆರಿಕಕ್ಕೆ ಬಂದ ಮೇಲೆ ಬಹಳ ಕಾಲ ಅವಳಿಗೆ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. ಅನುಮತಿ ಸಿಗುವ ಹೊತ್ತಿಗೆ ಅವಳು ಓದಿದ ಬಿ.ಕಾಂ. ಯಾರಿಗೂ ಬೇಕಿರಲಿಲ್ಲ. ಸೇಂಟ್ ಆಸ್ವಲ್ಡಿನಲ್ಲಿ ಅವಳನ್ನು ಸಂದರ್ಶನ ಮಾಡಿದವಳು ಮಿಸ್ ಡೋರಿಸ್. ಎಂಬತ್ತರ ಹತ್ತಿರದ ವಯಸ್ಸು, ಹತ್ತಿಯಂಥ ತಲೆ, ಪಿಕಪ್ ಟ್ರಕ್ಕನ್ನು ತಾನೇ ಓಡಿಸುವವಳು. ಪೂಜಾವೇದಿಕೆಯ ಬಟ್ಟೆಬರೆ, ದೀಪ, ಹೂವು ಎಲ್ಲ ಅವಳ ಉಸ್ತುವಾರಿ. ರಾಜಲಕ್ಷ್ಮಿ ತನ್ನ ಧರ್ಮದ ಬಗ್ಗೆ ಕೇಳಿಯಾರು ಎಂದು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದಳು. ಡೋರಿಸ್ ಕೇಳಿದ್ದು ಒಂದೇ ಪ್ರಶ್ನೆ: "ಈ ಕಾಪಿ ಮೆಷಿನ್ ರಿಪೇರಿ ಬರತ್ತಾ, ಹನೀ?" ರಾಜಲಕ್ಷ್ಮಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೆಷಿನ್ನಿನ ಹೊಟ್ಟೆಯೊಳಗೆ ಕೈ ಹಾಕಿ ಸುಕ್ಕಾದ ಕಾಗದವೊಂದನ್ನು ಎಳೆದು ತೆಗೆದಳು. ಕೆಲಸ ಸಿಕ್ಕಿತು.

ಪ್ರತಿ ಗುರುವಾರ ಚರ್ಚಿನ 'ಮುಂಬರುವ ಕಾರ್ಯಕ್ರಮಗಳು' ಎಂಬ ಹಾಳೆಯನ್ನು ತಯಾರಿಸುವುದು ಅವಳ ಪಾಲಿಗೆ ಬಂತು. ಚಿಲಿ ಎಂಬ ಖಾರದ ಮಾಂಸದ ಸಾರಿನ ಸ್ಪರ್ಧೆ, ಪ್ಯಾನ್‌ಕೇಕ್ ಊಟ, ಹಳೇ ಬಟ್ಟೆಗಳ ಮಾರಾಟ, ನಾಯಿ ಬೆಕ್ಕುಗಳಿಗೆ ಆಶೀರ್ವಾದ, ಹೆಂಗಸರ ಹೊಲಿಗೆ ಕೂಟ. ಯಾವ ದಿನ ಎಂದು ಪಾದ್ರಿಗಳು ಹೇಳುತ್ತಿದ್ದರು. ಎಷ್ಟು ಹೊತ್ತಿಗೆ ಎಂಬುದನ್ನು, ಹಾಲ್ ಖಾಲಿಯಿದೆಯೇ ನೋಡಿ ಹಾಕು ಎಂದು ಅವಳಿಗೇ ಬಿಡುತ್ತಿದ್ದರು. ಬಿಡಬಾರದಿತ್ತು. ಮೈಸೂರಿನ ಅವಳ ಮನೆಯಲ್ಲಿ ಮಕ್ಕಳು ಮಗ್ಗಿ ಕಲಿಯುವುದಕ್ಕೂ ಮೊದಲು ಏಳು ದಿನದ ರಾಹುಕಾಲ ಕಲಿಯುತ್ತಿದ್ದರು. ಪಂಚಾಂಗ ನೋಡುವ ಅಗತ್ಯವೇ ಅವಳಿಗಿರಲಿಲ್ಲ; ವಾರದ ಹೆಸರು ಕಿವಿಗೆ ಬಿದ್ದರೆ ಹೊತ್ತು ತಾನಾಗಿ ನಾಲಿಗೆಗೆ ಬರುತ್ತಿತ್ತು. ಅನ್ಯಧರ್ಮದವರ ದೇವಸ್ಥಾನವಾದರೇನು, ಅನ್ನ ಹಾಕುವ ಮನೆಗೆ ಕೆಟ್ಟ ಗಳಿಗೆಯಲ್ಲಿ ಕಾರ್ಯ ಇಡುವುದು ಹೇಗೆ? ಭಾನುವಾರ ಬೆಳಗಿನ ಆರಾಧನೆಯ ಹೊತ್ತು ಮಾತ್ರ ಅವಳ ಕೈಯಲ್ಲಿರಲಿಲ್ಲ. ಪುಣ್ಯಕ್ಕೆ ಅದು ರಾಹುವಿನ ಕೈಯಲ್ಲೂ ಇರಲಿಲ್ಲ.

ಚರ್ಚಿಗೆ ಇದರ ಫಲ ಕಂಡಿತು, ಅಥವಾ ಕಂಡಂತಾಯಿತು. ಒಮ್ಮೆ ಪಿಕ್ನಿಕ್ ಮುಗಿದು ಕೊನೆಯ ಕುರ್ಚಿ ಒಳಗಿಟ್ಟ ಮೇಲೆ ಆಲಿಕಲ್ಲು ಸುರಿಯಿತು. ಇನ್ನೊಂದು ಸಲ ಆಶೀರ್ವಾದಕ್ಕೆ ಬಂದ ಹೆಬ್ಬಾವು ತಪ್ಪಿಸಿಕೊಂಡು, ಯಾರನ್ನೂ ಹೆದರಿಸದೆ ತಾನೇ ಬುಟ್ಟಿಗೆ ವಾಪಸಾಯಿತು. "ನಮ್ಮ ರಾಜಿ ಹೊತ್ತು ಇಟ್ಟರೆ ಇಟ್ಟ ಹಾಗೆ" ಎಂದು ಡೋರಿಸ್ ಹೇಳಿಕೊಂಡು ತಿರುಗಿದಳು. ಹಳೇ ಬಟ್ಟೆಗಳ ಮಾರಾಟದ ದಿನ ಸುಂಟರಗಾಳಿಯ ಸೈರನ್ ಕೂಗಿ, ಜನರೆಲ್ಲ ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಅವಿತು ಕೂತು ಹಾಡು ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೀಗಿರುವಾಗ ಆಸ್ಟಿನ್‌ನಿಂದ ಹೊಸ ಪಾದ್ರಿ ಬಂದರು. ಹೆಸರು ಕ್ಲೇರ್, ಹೆಂಗಸು. ನಿಲುವಂಗಿಯ ಕೆಳಗೆ ಕೌಬಾಯ್ ಬೂಟು ಹಾಕುತ್ತಿದ್ದರು. ಎಲ್ಲರೂ ಅವರನ್ನು ಮದರ್ ಎನ್ನುತ್ತಿದ್ದರು. ತನಗಿಂತ ಹತ್ತು ವರ್ಷ ಚಿಕ್ಕವಳನ್ನು ತಾಯಿ ಎಂದು ಕರೆಯುವುದು ರಾಜಲಕ್ಷ್ಮಿಗೆ ಮೊದಮೊದಲು ಕಷ್ಟವಾಯಿತು. ಊರಿನಲ್ಲಿ ಮೂರು ವರ್ಷದ ಹೆಣ್ಣುಮಕ್ಕಳನ್ನೂ ಅಮ್ಮಾ ಎನ್ನುವುದಿಲ್ಲವೇ ಎಂದುಕೊಂಡ ಮೇಲೆ ಸಲೀಸಾಯಿತು.

ಏಪ್ರಿಲ್ಲಿನ ಒಂದು ಗುರುವಾರ ಮದರ್ ಕ್ಲೇರ್ ಅವಳ ಮೇಜಿನ ಅಂಚಿಗೆ ಒರಗಿ ನಿಂತರು.

"ರಾಜಿ, ಮೇ ತಿಂಗಳಲ್ಲಿ ಈವ್‌ನ್‌ಸಾಂಗ್ ಇಡೋಣ. ಪೂರಾ ಹಾಡಿನಲ್ಲೇ ನಡೆಯುವ ಸಂಜೆಯ ಪ್ರಾರ್ಥನೆ. ಈ ಚರ್ಚಿನಲ್ಲಿ ಒಮ್ಮೆಯೂ ಆಗಿಲ್ಲವಂತೆ! ಭಾನುವಾರ ಐದು ಗಂಟೆ, ಹಾಕಿಬಿಡು."

ರಾಜಲಕ್ಷ್ಮಿಯ ಬೆರಳು ಕೀಬೋರ್ಡಿನ ಮೇಲೆ ನಿಂತಿತು. "ಐದಕ್ಕೆ ಬೇಡ ಮದರ್. ಏಳು ಆದರೆ ತಂಪಾಗಿರತ್ತೆ."

"ಒಳಗೆ ಎ.ಸಿ. ಇದೆಯಲ್ಲ?" ಎಂದು ನಕ್ಕರು ಕ್ಲೇರ್. "ಮತ್ತೆ ಅನನ್ಯಾಳದ್ದು ಒಂಟಿ ಹಾಡು ಇದೆ, ನಿನಗೆ ಖುಷಿ ಆಗಿರಬೇಕು."

ರಾಜಲಕ್ಷ್ಮಿಗೆ ಅದು ಗೊತ್ತೇ ಇರಲಿಲ್ಲ.

ಅನನ್ಯಾ ಅವಳ ಒಬ್ಬಳೇ ಮಗಳು, ಹೈಸ್ಕೂಲಿನ ಹುಡುಗಿ. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಅದೂ ಕೊಟ್ಟರೆ. ಎರಡು ವರ್ಷದ ಹಿಂದೆ ಕನ್ನಡ ಸಂಘದ ಯುಗಾದಿಯಲ್ಲಿ ದೇವರನಾಮ ಹಾಡಲು ವೇದಿಕೆ ಹತ್ತಿದವಳು ಎರಡನೇ ಚರಣದಲ್ಲಿ ನಿಂತುಬಿಟ್ಟಿದ್ದಳು. ಶ್ರುತಿಪೆಟ್ಟಿಗೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು, ಹುಡುಗಿಯ ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ. ಕೊನೆಗೆ ನಿರೂಪಕಿ ಚಪ್ಪಾಳೆ ತಟ್ಟಿಸಿ ಕೆಳಗಿಳಿಸಿದಳು. ಆಮೇಲೆ ಅವಳು ಮನೆಯಲ್ಲಿ ಸ್ನಾನ ಮಾಡುವಾಗಲೂ ಹಾಡಿರಲಿಲ್ಲ. ಆ ಕಾರ್ಯಕ್ರಮ ಇದ್ದದ್ದು ಭಾನುವಾರ, ಐದು ಗಂಟೆಗೆ. ಸಂಘದವರಿಗೆ ರಾಜಲಕ್ಷ್ಮಿ ಮೊದಲೇ ಹೇಳಿದ್ದಳು. ಹಾಲ್ ಆ ಹೊತ್ತಿಗೇ ಸಿಗುವುದು ಆಂಟಿ ಎಂದು ಅವರು ಕೇಳಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವ ತನಕ ಅನನ್ಯಾ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ಅಲ್ಲಿನ ಗಾಯಕವೃಂದಕ್ಕೆ ಅವಳು ಯಾವಾಗ ಸೇರಿದಳೋ. ಸುಮ್ಮನೆ ಗುಂಪಿನಲ್ಲಿ ನಿಲ್ಲುತ್ತಾಳೆ ಎಂದು ರಾಜಲಕ್ಷ್ಮಿ ತಿಳಿದಿದ್ದಳು. ಈಗ ಒಂಟಿಯಾಗಿ ಹಾಡುತ್ತಾಳಂತೆ. ಭಾನುವಾರ, ಮತ್ತೆ ಐದು ಗಂಟೆಗೆ. ಇನ್ನೊಮ್ಮೆ ಬಾಯಿ ಕಟ್ಟಿದರೆ ಹುಡುಗಿ ಜನ್ಮದಲ್ಲಿ ಹಾಡಲಾರಳು. ಅಷ್ಟು ಅವಳಿಗೆ ಖಾತ್ರಿಯಿತ್ತು.

ಚರ್ಚಿನ ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯ ಬಂತು. ರಾಜಲಕ್ಷ್ಮಿ ಎಂದಿನಂತೆ ಮೂಲೆಯಲ್ಲಿ ಕೂತು ನಡಾವಳಿ ಬರೆಯುತ್ತಿದ್ದಳು. ಸಭೆಗೆ ಮೊದಲು ಡೋರಿಸ್‌ಗೆ ಕಾಫಿ ಕೊಡುವಾಗ, ಐದು ಗಂಟೆ ಅಂತಿದಾರೆ, ನಮ್ಮಲ್ಲಿ ರೂಢಿ ಇಲ್ಲವಲ್ಲ ಎಂದಷ್ಟೇ ಹೇಳಿದ್ದಳು. ಅಷ್ಟೇ ಸಾಕಾಯಿತು.

"ಭಾನುವಾರ ಐದಕ್ಕೆ ನಾವು ಯಾವತ್ತೂ ಏನೂ ಇಟ್ಟವರಲ್ಲ ಮದರ್," ಎಂದಳು ಡೋರಿಸ್.

"ಯಾಕೆ?" ಎಂದು ಕ್ಲೇರ್ ನಿಜವಾದ ಕುತೂಹಲದಿಂದ ಕೇಳಿದರು.

ಎಲ್ಲರಿಗೂ ಗೊತ್ತಿದ್ದ ಸಂಗತಿ, ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆಗ ಟ್ರೆಂಟ್ ಎಂಬ ನಿವೃತ್ತ ವಕೀಲರು ಗಂಟಲು ಸರಿಮಾಡಿಕೊಂಡರು. "ನಮ್ಮ ಮೊದಲ ಪಾದ್ರಿಗಳ ಕಾಲದ್ದಿರಬೇಕು. ಆಗ ಇದೆಲ್ಲ ದನದ ಹುಲ್ಲುಗಾವಲು. ಐದು ಗಂಟೆ ಅಂದರೆ ದನಕ್ಕೆ ನೀರು ಕುಡಿಸೋ ಹೊತ್ತು. ಜನ ಚರ್ಚಿಗೆ ಹೇಗೆ ಬರ್ತಾರೆ?"

"ಹೌದು ಹೌದು, ನಮ್ಮಪ್ಪ ಹೇಳ್ತಿದ್ದರು," ಎಂದಳು ಡೋರಿಸ್. ಅವಳ ಅಪ್ಪ ಹ್ಯೂಸ್ಟನ್ನಿನಲ್ಲಿ ಬೂಟಿನಂಗಡಿ ಇಟ್ಟವರು.

ಇರ್ವಿಂಗಿನ ಲಾಸ್ ಕೊಲಿನಾಸ್ ಬಡಾವಣೆಯ ಗಾಜಿನ ಆಫೀಸುಗಳ ನಡುವೆ ಕಾರಂಜಿಯಲ್ಲಿ ಓಡುತ್ತಿರುವ ಕಂಚಿನ ಕುದುರೆಗಳನ್ನು ಬಿಟ್ಟರೆ ನೀರಿಗಿಳಿಯುವ ಪ್ರಾಣಿ ಆ ಊರಿನಲ್ಲಿ ಉಳಿದಿರಲಿಲ್ಲ. ಆದರೂ ಎಲ್ಲರೂ ತಲೆದೂಗಿದರು. ಮದರ್ ಕ್ಲೇರ್‌ರ ಮುಖ ಮೆತ್ತಗಾಯಿತು. "ಕ್ಷಮಿಸಿ. ಹೊಸಬಳು ನಾನು. ಇಂಥದ್ದನ್ನೆಲ್ಲ ಕೇಳಿ ತಿಳಿಯಬೇಕಿತ್ತು. ಏಳು ಗಂಟೆಗೇ ಇರಲಿ." 'ಐತಿಹಾಸಿಕ ಕಾರಣಗಳಿಂದ ಏಳು ಗಂಟೆ' ಎಂದು ರಾಜಲಕ್ಷ್ಮಿ ಬರೆದುಕೊಂಡಳು. ಕಿವಿ ಸ್ವಲ್ಪ ಬಿಸಿಯಾಯಿತು.

ಅಂದು ಊಟಕ್ಕೆ ಕೂತಾಗ ಅವಳು ಗೆದ್ದು ಬಂದವಳ ಹಾಗೆ ಹುಳಿ ಬಡಿಸಿದಳು. ಸುಧೀಂದ್ರ ಎಲ್ಲ ಕೇಳಿ ಬಿದ್ದು ಬಿದ್ದು ನಕ್ಕ.

"ಅಂತೂ ರಾಹುಗೂ ಚರ್ಚಿನ ಮೆಂಬರ್‌ಶಿಪ್ ಕೊಡಿಸ್ದೆ ಅನ್ನು!"

"ನಗಿ, ನಗಿ. ಮಗೂಗೆ ಒಳ್ಳೇದಾದ್ರೆ ಸಾಕು ನಂಗೆ."

"ಅಲ್ವೇ, ಮೇ ತಿಂಗಳಲ್ಲಿ ಏಳಕ್ಕೆ ಇಟ್ರೆ ರಾಹು ಮುಂದಿನ ಬೆಂಚಲ್ಲೇ ಕೂತಿರ್ತಾನಲ್ಲ..." ಎಂದವನು ತಟ್ಟನೆ ಬಾಯಿಮುಚ್ಚಿ ಹಪ್ಪಳ ಮುರಿದ.

"ಏನಂದ್ರಿ?"

"ಏನಿಲ್ಲ."

"ಏನಂದ್ರಿ ಅಂದೆ."

ಸುಧೀಂದ್ರನಿಗೆ ದಾರಿಯಿರಲಿಲ್ಲ. "ನೋಡು, ಹೊತ್ತು ಹುಟ್ಟಿದಾಗಿಂದ ಮುಳುಗೋ ತನಕ ಎಂಟು ಭಾಗ ಮಾಡ್ತಾರೆ. ಭಾನುವಾರ ಕೊನೇ ಭಾಗ ರಾಹುಕಾಲ. ಮೈಸೂರಲ್ಲಿ ಆರಕ್ಕೆ ಮುಳುಗತ್ತೆ, ಅದಕ್ಕೇ ನಿಂದು ನಾಲ್ಕೂವರೆಯಿಂದ ಆರು. ಇಲ್ಲಿ ಈಗ ಎಂಟು ದಾಟಿದ್ರೂ ಬಿಸಿಲಿರತ್ತಲ್ಲ? ಏಳಕ್ಕೆ ಅವನು ಪೂರ್ತಿ ಡ್ಯೂಟಿ ಮೇಲಿರ್ತಾನೆ. ಐದಕ್ಕೆ ಅವನ ಸುಳಿವೇ ಇಲ್ಲ."

ರಾಜಲಕ್ಷ್ಮಿ ಸೌಟನ್ನು ಪಾತ್ರೆಗೆ ಇಳಿಬಿಟ್ಟಳು. "ನಿಮಗೆ ಯಾವಾಗಿಂದ ಗೊತ್ತು?"

"ಬಂದ ವರ್ಷದಿಂದ."

"ಮತ್ತೆ ಬಾಯಲ್ಲಿ ಏನು ಇಟ್ಕೊಂಡಿದ್ರಿ?"

"ಸೋಮವಾರ ಒಂಬತ್ತರ ತನಕ ಮನೆ ಬಿಡಬೇಡಿ ಅಂತ ನೀನೇ ಹೇಳ್ತಿದ್ದೆ. ಅಷ್ಟೊತ್ತಿಗೆ ಟ್ರಾಫಿಕ್ಕೇ ಇರಲ್ಲ. ಆಫೀಸಲ್ಲೂ ಒಪ್ಕೊಂಡಿದಾರೆ, ರಿಲಿಜಸ್ ರೀಸನ್ ಅಂತ," ಎಂದ ಸುಧೀಂದ್ರ ತಟ್ಟೆಯನ್ನು ನೋಡುತ್ತ. "ಯಾಕೆ ಸುಮ್ನೆ ಕೆದಕೋದು ಅಂತ..."

"ಇನ್ಮೇಲೆ ಸೋಮವಾರ ಏಳೂವರೆಗೆ ಮನೆ ಬಿಡಿ."

ಆರು ವರ್ಷ ರಾಹುವಿನ ಕಣ್ಣು ತಪ್ಪಿಸಿದೆನೆಂದು ನಂಬಿದ್ದ ಬೇಸಿಗೆಯ ಎಷ್ಟೋ ಭಾನುವಾರಗಳನ್ನು ಅವಳು ಜೋಪಾನವಾಗಿ ಒಯ್ದು ಅವನ ತೊಡೆಯ ಮೇಲೇ ಇಟ್ಟಿದ್ದಳು. ಪಿಕ್ನಿಕ್, ಐಸ್‌ಕ್ರೀಮ್ ಸಂಜೆ, ಆ ಹೆಬ್ಬಾವಿನ ಆಶೀರ್ವಾದ. ಯಾವುದಕ್ಕೂ ಏನೂ ಆಗಿರಲಿಲ್ಲ. ಏನಾದರೂ ಆಗಿದ್ದರೆ ಸ್ವಲ್ಪ ಸಮಾಧಾನವಾದರೂ ಇರುತ್ತಿತ್ತು. ಇನ್ನೊಂದು ಯೋಚನೆ ನಿಧಾನವಾಗಿ ಬಂದು ಎದೆಯಲ್ಲಿ ಕೂತಿತು.

"ಹಾಗಾದ್ರೆ ಆವತ್ತು ಯುಗಾದಿಗೆ... ಐದಕ್ಕೆ ರಾಹುಕಾಲ ಇರ್ಲೇ ಇಲ್ವಾ? ಮತ್ತೆ ಅನೂ ಯಾಕೆ ಮರೆತ್ಲು?"

ಮೇಜಿನ ಆ ತುದಿಯಲ್ಲಿ ಅನನ್ಯಾ ಕಿವಿಯಿಂದ ಹೆಡ್‌ಫೋನ್ ತೆಗೆದಳು. ಅಷ್ಟೂ ಹೊತ್ತು ಅದರಲ್ಲಿ ಹಾಡು ಇರಲಿಲ್ಲವೆಂದು ತೋರುತ್ತದೆ.

"ಐ ಡಿಡ್‌ಂಟ್ ಫರ್ಗೆಟ್, ಅಮ್ಮಾ."

"ಮತ್ತೆ?"

ಹುಡುಗಿ ಅಪ್ಪನ ಕಡೆ ನೋಡಿದಳು. ಆಮೇಲೆ, ಸರಿಯಾಗಿ ತಲುಪಲಿ ಎಂಬಂತೆ, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು. "ನೀನು ಮುಂದಿನ ಸಾಲಲ್ಲಿ ಕೂತು ಬಾಯಿ ಆಡಿಸ್ತಿದ್ದೆ. ಪ್ರತಿ ಲೈನೂ. ನಾನು ಹಾಡೋಕ್ಕಿಂತ ಮೊದ್ಲು. ನಿನ್ನ ಕಣ್ಣು ಹೀಗಿತ್ತು." ಎರಡೂ ಕಣ್ಣನ್ನು ಆದಷ್ಟೂ ಅಗಲ ಮಾಡಿ ತೋರಿಸಿದಳು.

ಸುಧೀಂದ್ರ ನಗಲಿಲ್ಲ. ಅವನು ಅಂದು ಪಕ್ಕದಲ್ಲೇ ಕೂತಿದ್ದ.

"ಸೋ ಈ ಸಲ," ಅನನ್ಯಾ ಮತ್ತೆ ಇಂಗ್ಲಿಷಿಗೆ ಜಾರಿದಳು, "ಕ್ಯಾನ್ ಯೂ ನಾಟ್ ಸಿಟ್ ಇನ್ ಫ್ರಂಟ್?"

"ಹಿಂದೆ ಕೂತ್ಕೋತೀನಿ."

"ಹಿಂದೆ ಅಂದ್ರೆ... ಲೈಕ್, ನಿನ್ನ ಆಫೀಸಲ್ಲಿ?"

ರಾತ್ರಿ ಹಲ್ಲುಜ್ಜುವಾಗ ರಾಜಲಕ್ಷ್ಮಿ ಕನ್ನಡಿಯಲ್ಲಿ ತನ್ನ ಬಾಯಿಯನ್ನು ನೋಡಿಕೊಂಡಳು. ಸಾಧಾರಣ ಬಾಯಿ. ಎರಡು ವರ್ಷದಿಂದ ಅದು ರಾಹುವನ್ನು ಬೈಯುತ್ತ ಬಂದಿತ್ತು.

ಬಾಯಿಯದು ಬಾಯಿಯ ವಿಷಯ, ರಾಹುವಿನದು ರಾಹುವಿನ ವಿಷಯ. ಬೆಳಿಗ್ಗೆ ಎದ್ದಾಗ ಅವಳ ಮನಸ್ಸು ಎರಡನ್ನೂ ಬೇರೆ ಬೇರೆ ಮಾಡಿ ಇಟ್ಟಿತ್ತು. ಗೊತ್ತಿದ್ದೂ ಮಗಳನ್ನು ಏಳು ಗಂಟೆಗೆ ನಿಲ್ಲಿಸುವುದು ಹೇಗೆ? ಅವಳು ಸೀದಾ ಮದರ್ ಕ್ಲೇರ್‌ರ ಕೋಣೆಗೆ ಹೋದಳು.

"ಮದರ್, ಐದೇ ಇರಲಿ. ಐದು ಒಳ್ಳೇದು."

"ಅಯ್ಯೋ ರಾಜಿ, ಅದು ಮುಗಿದ ಮಾತು. ಒಂದು ಊರಿನ ಪರಂಪರೆಯನ್ನು ಬಂದ ಮೊದಲ ವಸಂತದಲ್ಲೇ ಮುರಿಯೋಕೆ ಹೊರಟಿದ್ದೆ. ನೀವೆಲ್ಲ ಪ್ರೀತಿಯಿಂದ ತಡೆದಿರಿ. ಈ ಭಾನುವಾರ ಪ್ರವಚನ ಅದರ ಮೇಲೆಯೇ. ದಣಿದ ದನ, ನೀರು, ಕಾಯುವ ದೇವರು."

"ಅದು ದನ ಅಲ್ಲ, ಮದರ್," ಎಂದಳು ರಾಜಲಕ್ಷ್ಮಿ. ಕುರ್ಚಿ ಎಳೆದು ಕೂತು ಎಲ್ಲ ಹೇಳಿದಳು. ರಾಹು, ಅವನಿಗೆ ಮುಂಡವಿಲ್ಲದ್ದು, ದಿನದ ಎಂಟು ಭಾಗ, ಶನಿವಾರದ ಗುದ್ದಲಿ, ಬುಧವಾರದ ಹಸಿದ ಮುದುಕರು. ಮೈಸೂರಿನ ಸೂರ್ಯ ಬೇರೆ, ಟೆಕ್ಸಸ್ಸಿನ ಸೂರ್ಯ ಬೇರೆ ಎಂಬುದನ್ನೂ ಹೇಳಿದಳು. ಹೇಳುತ್ತ ಹೇಳುತ್ತ, ಕೆಲಸ ಹೋಗಬಹುದು ಎಂಬುದು ಮೊದಲ ಬಾರಿಗೆ ಹೊಳೆಯಿತು.

ಕ್ಲೇರ್ ಕಿಟಕಿಯ ಆಚೆ ನೋಡಿದರು. ಅಲ್ಲಿ ಪಾರ್ಕಿಂಗ್ ಜಾಗದಲ್ಲಿ ಡೋರಿಸ್‌ಳ ಟ್ರಕ್ ಬಂದು ನಿಲ್ಲುತ್ತಿತ್ತು.

"ಇದನ್ನು ಡೋರಿಸ್‌ಗೆ ಹೇಳಬೇಡ," ಎಂದರು. "ಮೊಣಕಾಲೂರುವ ದಿಂಬುಗಳಿಗೆ ಆಗಲೇ ದನ ಕಸೂತಿ ಹಾಕೋಕೆ ಶುರು ಮಾಡಿದ್ದಾಳೆ. ಕೊಂಬು ಮುಗಿದಿದೆ."

"ಹಾಗಾದ್ರೆ ಏಳೇನಾ?"

"ಏಳೇ." ಕ್ಲೇರ್ ಅವಳ ಕೈಮೇಲೆ ಕೈಯಿಟ್ಟರು. "ಅವಳು ಹಾಡ್ತಾಳೆ ರಾಜಿ. ಯಾರಿಗೆ ಬೇಕೋ ಅವರನ್ನು ಬೇಡಿಕೋ. ನಾನೂ ಬೇಡ್ಕೋತೀನಿ."

ಆ ಭಾನುವಾರ ಬಂತು. ರಾಜಲಕ್ಷ್ಮಿ ದೇವಸ್ಥಾನಕ್ಕೆ ಹೋಗಿ ಮಗಳ ಹೆಸರಿನಲ್ಲಿ ಅರ್ಚನೆ ಮಾಡಿಸಿಕೊಂಡು ಬಂದು, ಚರ್ಚಿನ ಪಕ್ಕದ ಹಾಲಿನಲ್ಲಿ ಫಲಾಹಾರದ ಮೇಜು ಅಣಿಮಾಡಲು ನಿಂತಳು. ಜೊತೆಗೆ ಡೋರಿಸ್. ಈವ್‌ನ್‌ಸಾಂಗಿನ ನಂತರ ಸೌತೆಕಾಯಿ ಸ್ಯಾಂಡ್‌ವಿಚ್ ಕೊಡುವುದು ಬೇರೆ ಚರ್ಚುಗಳಲ್ಲಿ ಪದ್ಧತಿಯಂತೆ. ಆರು ವರ್ಷದಲ್ಲಿ ಆ ಚರ್ಚಿನ ಮೇಜಿನ ಮೇಲೆ ತನ್ನ ಬಿಸಿಬೇಳೆಬಾತನ್ನು ಬಿಟ್ಟು ರಾಜಲಕ್ಷ್ಮಿ ಮಾಂಸ ಮೊಟ್ಟೆ ಇದೆಯೇ ಎಂದು ವಿಚಾರಿಸದೆ ಬಾಯಿಗಿಡಬಹುದಾದ ಮೊದಲ ತಿನಿಸು ಅದು. ಆ ಬಾತನ್ನೂ ಅಲ್ಲಿ ಎಲ್ಲರೂ 'ರಾಜಿಯ ರೈಸ್ ಕ್ಯಾಸರೋಲ್' ಎಂದೇ ತಿನ್ನುತ್ತಿದ್ದರು.

ಸುಧೀಂದ್ರ ಒಳಗೆ, ಮೂರನೇ ಸಾಲಿನಲ್ಲಿ ಕೂತಿದ್ದ. ಹಾಲಿನ ಗೋಡೆಯಲ್ಲಿದ್ದ ಪುಟ್ಟ ಸ್ಪೀಕರಿನಿಂದ ಒಳಗಿನ ಆರ್ಗನ್ ಕೇಳಿಸುತ್ತಿತ್ತು. ಪಡುವಣ ಕಿಟಕಿಯಿಂದ ಬಿಸಿಲು ಇನ್ನೂ ನೇರವಾಗಿ ಬಂದು ಬಿಳೀ ಮೇಜುಬಟ್ಟೆಯ ಮೇಲೆ ಮಲಗಿತ್ತು. ಇಷ್ಟು ವರ್ಷ ಈ ಬೆಳಕನ್ನು ಅವಳು ದಿನವೂ ಕಂಡಿದ್ದಳು. ಇದು ಮೈಸೂರಿನದಲ್ಲ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಗುಂಪಿನ ಹಾಡು ಇಳಿಯಿತು. ಒಂದು ಸ್ವರ ಉಳಿಯಿತು. ಸಣ್ಣದು, ತೆಳ್ಳಗಿನದು, ಹತ್ತಲೋ ಬೇಡವೋ ಎನ್ನುತ್ತಲೇ ಹತ್ತುವ ಸ್ವರ. ರಾಜಲಕ್ಷ್ಮಿಗೆ ಆ ಹಾಡಿನ ಒಂದು ಪದವೂ ಗೊತ್ತಿರಲಿಲ್ಲ. ಆದರೂ ತುಟಿ ಆಡತೊಡಗಿತು. ಗೋಡೆಯ ಈಚೆ, ಯಾರಿಗೂ ಕಾಣದ ಕಡೆ, ತುಟಿಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ. ಅವಳು ತಟ್ಟೆಯಿಂದ ಒಂದು ಸ್ಯಾಂಡ್‌ವಿಚ್ ತೆಗೆದು ಇಡಿಯಾಗಿ ಬಾಯಿಗೆ ತುರುಕಿಕೊಂಡಳು.

ಆಗ ಸ್ವರ ನಿಂತಿತು.

ಆರ್ಗನ್ನೂ ಇಲ್ಲ, ಏನೂ ಇಲ್ಲ. ಸ್ಪೀಕರಿನಿಂದ ಗಾಳಿಯ ಸದ್ದಷ್ಟೇ ಬರುತ್ತಿತ್ತು, ಎಂದೋ ಕೇಳಿದ ಶ್ರುತಿಪೆಟ್ಟಿಗೆಯ ಹಾಗೆ. ರಾಜಲಕ್ಷ್ಮಿ ಮೇಜಿನ ಅಂಚನ್ನು ಹಿಡಿದುಕೊಂಡಳು. ಬಾಯಿತುಂಬ ಸೌತೆಕಾಯಿ, ದೇವರ ಹೆಸರು ಹೇಳಲೂ ಜಾಗವಿರಲಿಲ್ಲ. ಡೋರಿಸ್ ಕರವಸ್ತ್ರಗಳನ್ನು ಮಡಿಸುವುದನ್ನು ಬಿಟ್ಟು ತಲೆ ಎತ್ತಿದಳು.

ಹಾಡಿನಲ್ಲಿಯೇ ಇದ್ದ ಬಿಡುವು ಅದು. ಬಿಡುವು ಮುಗಿಯಿತು. ಸ್ವರ ಬಿಟ್ಟಲ್ಲಿಂದಲೇ, ಅವಸರವಿಲ್ಲದೆ ಎದ್ದು, ಕೊನೆಯ ತನಕ ಒಂಟಿಯಾಗಿ ಹೋಯಿತು. ಆಮೇಲೆ ಗುಂಪು ಬಂದು ಸೇರಿಕೊಂಡಿತು.

"ಏಳು ಗಂಟೆಯೇ ಸರಿ ನೋಡು ಹನೀ," ಎಂದಳು ಡೋರಿಸ್, ಕಣ್ಣೊರೆಸಿಕೊಳ್ಳುತ್ತ. "ಹಿರಿಯರು ಸುಮ್ಮನೆ ಮಾಡಿಟ್ಟಿಲ್ಲ."

ರಾಜಲಕ್ಷ್ಮಿ ತಲೆಯಾಡಿಸಿದಳು. ಬೇರೆ ಉತ್ತರ ಕೊಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಜನ ಬರುವ ಮೊದಲೇ ಪಕ್ಕದ ಬಾಗಿಲಿನಿಂದ ಅನನ್ಯಾ ಬಂದಳು. ಕೆಂಪು ನಿಲುವಂಗಿ ಪಾದದ ತನಕ ಇತ್ತು, ಕೆಳಗೆ ಸ್ನೀಕರ್ಸ್. ಅಮ್ಮನನ್ನು ದೂರದಿಂದಲೇ ಅಳೆದು ನೋಡಿದಳು.

"ಕೇಳಿಸ್ತಾ?"

ರಾಜಲಕ್ಷ್ಮಿ ಹೂಂ ಎಂಬಂತೆ ಕತ್ತು ಆಡಿಸಿದಳು.

"ಬಾಯಿ ಆಡಿಸಿದ್ಯಾ?"

ಅವಳು ಕಷ್ಟಪಟ್ಟು ನುಂಗಿದಳು. ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಸ್ಯಾಂಡ್‌ವಿಚ್‌ಗಳ ನಡುವೆ ಒಂದರ ಜಾಗ ಖಾಲಿಯಿತ್ತು.

"ತುಂಬಿತ್ತು," ಎಂದಳು.